ಸ್ಪೀಕರ್ ವೈರ್ ಕೊಳ್ಳೋ ಮುಂಚೆ ಓಮ್ಸ್ ನೋಡಿ

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರೋಡಿಗೆ ಸ್ಪೀಕರ್ ವೈರ್ ತರೋಕೆ ಹೊರಟವರು ಮೊದಲು ಸ್ಪೀಕರ್ ಹಿಂಬದಿ ನೋಡಿ: 8 ಓಮ್ಸೋ, 4 ಓಮ್ಸೋ (ಕರೆಂಟಿಗೆ ಸ್ಪೀಕರ್ ಒಡ್ಡೋ ತಡೆ)? ರಿಸೀವರಿನಿಂದ (ಸ್ಪೀಕರ್ ಓಡಿಸೋ ಆಂಪ್ಲಿಫೈಯರ್ ಪೆಟ್ಟಿಗೆ) ಸ್ಪೀಕರ್‌ವರೆಗೆ ಗೋಡೆ ಬದಿಯಲ್ಲೇ ಟೇಪ್ ಹಿಡಿದು ಅಳೆಯಿರಿ. 8 ಓಮ್ಸ್‌ಗೆ 15 ಮೀಟರ್‌ವರೆಗೂ 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಸಾಕು. 4 ಓಮ್ಸ್ ಆದರೆ ಅದೇ ವೈರ್ 8 ಮೀಟರ್‌ಗೇ ಮುಗೀತು, ಇನ್ನೂ ದೂರ ಇದ್ದರೆ 2.5 ತಗೊಳ್ಳಿ.

ತೀರಾ ಅಗ್ಗಕ್ಕೆ ಕೊಟ್ಟರೆ ಅನುಮಾನಪಡಿ. ಒಂದು ಎಳೆಯನ್ನ ಬ್ಲೇಡಿನಿಂದ ಕೆರೆದಾಗ ಕೆಂಪು ಹೋಗಿ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅದರ ರೆಸಿಸ್ಟೆನ್ಸ್ ಅಪ್ಪಟ ತಾಮ್ರದ ಸುಮಾರು ಒಂದೂವರೆ ಪಟ್ಟು.

ರಿಸೀವರ್ ಡಬ್ಬದ ಮೇಲಿನ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ವಾಟ್) ಅಂಕಿಗೆ ಮರುಳಾಗಬೇಡಿ. ಎರಡೂ ಚಾನೆಲ್ ಓಡುವಾಗ 8 ಓಮ್ಸ್‌ಗೆ ಎಷ್ಟು ಆರ್‌ಎಂಎಸ್ (ಸತತವಾಗಿ ಕೊಡೋ) ವಾಟ್ ಅನ್ನೋದಷ್ಟೇ ಲೆಕ್ಕ. 100 ವಾಟ್ ಸ್ಪೀಕರಿಗೆ 50 ವಾಟ್ ರಿಸೀವರ್ ಹಾಕಿದರೆ ತಪ್ಪೇನಿಲ್ಲ. ವಾಲ್ಯೂಮ್ ಪೂರ್ತಿ ಏರಿಸಿ ಸದ್ದು ಒಡೆಯೋಕೆ ಬಿಟ್ಟರೆ ಮಾತ್ರ ಮೊದಲು ಸುಡೋದು ಟ್ವೀಟರ್, ಅಂದರೆ ಕೀಚಲು ಸದ್ದು ಹೊರಡಿಸೋ ಚಿಕ್ಕ ಸ್ಪೀಕರ್. ದುಪ್ಪಟ್ಟು ವಾಟ್ ಕೊಟ್ಟರೂ ಹೆಚ್ಚೋದು 3 ಡೆಸಿಬಲ್. ಅಪಾರ್ಟ್‌ಮೆಂಟ್ ಹಾಲಿಗೆ 50 ಧಾರಾಳ, ಪಕ್ಕದ ಮನೆಯವರೂ ಇರ್ತಾರಲ್ಲ!

ತುದಿ 1 ಸೆಂ.ಮೀ. ಮಾತ್ರ ಸುಲಿದು ಎಳೆಗಳನ್ನ ಬಿಗಿಯಾಗಿ ಹೊಸೆಯಿರಿ. ಒಂದೇ ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ರಿಸೀವರ್ ಪ್ರೊಟೆಕ್ಷನ್‌ಗೆ ಹೋಗಿ ಆಫ್ ಆಗಬಹುದು. ಬೇಸ್ (ತಗ್ಗು ದನಿಯ ಸದ್ದು) ಪೇಲವ ಅನ್ನಿಸಿದರೆ ಒಂದು ಸ್ಪೀಕರಿನ ಪ್ಲಸ್ ಮೈನಸ್ ಅದಲುಬದಲಾಗಿದೆಯಾ ನೋಡಿ.