ಮಕ್ಕಳ ಕೈಗೆ ನಕ್ಷೆ ಕೊಡಿ: ಜಿಯೋಕ್ಯಾಶಿಂಗ್ ಶುರು ಮಾಡೋದು ಹೇಗೆ

ಹನ್ನೆರಡು ವರ್ಷದ ಹುಡುಗನಿಗೆ ‘ಬಾ, ಪಾರ್ಕಿಗೆ ವಾಕಿಂಗ್ ಹೋಗೋಣ’ ಅಂದರೆ ಜಾಗ ಬಿಟ್ಟು ಏಳುವುದಿಲ್ಲ. ‘ಆ ಕಡೆ ಒಂದು ಡಬ್ಬಿ ಬಚ್ಚಿಟ್ಟಿದೆ, ಎಲ್ಲಿದೆ ಅನ್ನೋದು ಈ ಎರಡು ಸಂಖ್ಯೆಗಳಲ್ಲಿದೆ’ ಅನ್ನಿ, ಬಾಗಿಲಲ್ಲಿ ನಿಂತು ನಿಮ್ಮನ್ನೇ ಅವಸರ ಮಾಡುತ್ತಾನೆ. ಜಿಯೋಕ್ಯಾಶಿಂಗ್ ಅಂದರೆ ಇಷ್ಟೇ. ಯಾರೋ ಒಂದು ಡಬ್ಬಿ ಇಟ್ಟು ಅದರ ಅಕ್ಷಾಂಶ ರೇಖಾಂಶವನ್ನು ಎಲ್ಲರಿಗೂ ತಿಳಿಸುತ್ತಾರೆ. ಬೇರೆಯವರು ಅದನ್ನು ಹುಡುಕಿ, ಒಳಗಿರುವ ಪುಟ್ಟ ಪುಸ್ತಕದಲ್ಲಿ ಹೆಸರು, ತಾರೀಕು ಬರೆದು, ಇದ್ದ ಜಾಗದಲ್ಲೇ ವಾಪಸ್ ಇಡುತ್ತಾರೆ. ಡಬ್ಬಿ ದೊಡ್ಡದಿದ್ದರೆ ಒಳಗೆ ಗೋಲಿ, ಕೀ ಚೈನು, ಗೊಂಬೆ ಥರದ್ದು ಇರುತ್ತವೆ. ಒಂದು ತೆಗೆದುಕೊಂಡರೆ ಅಷ್ಟೇ ಬೆಲೆಯ ಇನ್ನೊಂದನ್ನು ಇಡಬೇಕು. ತಿಂಡಿ ಮಾತ್ರ ಇಡಬೇಡಿ, ಇರುವೆ ಮುತ್ತಿಕೊಳ್ಳುತ್ತವೆ.

ಆಟ ಹುಟ್ಟಿದ್ದು ಅಮೆರಿಕದಲ್ಲಿ. 2000ದ ಮೇ ತಿಂಗಳ ಶುರುವಿನವರೆಗೂ ಅಲ್ಲಿನ ಸರ್ಕಾರ ಸಾಮಾನ್ಯ ಜನರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕಂತಲೇ ಕೆಡಿಸಿ ಬಿಡುತ್ತಿತ್ತು, ನೂರು ಮೀಟರ್‌ವರೆಗೂ ತಪ್ಪು ತೋರಿಸುತ್ತಿತ್ತು. ಅದನ್ನು ನಿಲ್ಲಿಸಿದ ಬೆನ್ನಲ್ಲೇ, ಮೇ 3ರಂದು, ಡೇವ್ ಉಲ್ಮರ್ ಎಂಬುವರು ಆರೆಗಾನ್ ರಾಜ್ಯದಲ್ಲಿ ಒಂದು ಬಕೆಟ್ ಬಚ್ಚಿಟ್ಟು ಅದರ ಜಾಗವನ್ನು ಇಂಟರ್‌ನೆಟ್‌ನಲ್ಲಿ ಹಾಕಿದರು. ಕೆಲವೇ ದಿನದಲ್ಲಿ ಅದು ಸಿಕ್ಕಿತು, ಆಟ ಹಬ್ಬಿತು.

ಮಕ್ಕಳಿಗೆ ಕಲಿಸುವಾಗ ನಾನು ಗಟ್ಟಿಯಾಗಿ ಹೇಳುವ ಮಾತು ಒಂದೇ: ಫೋನಿನಿಂದ ಶುರು ಮಾಡಬೇಡಿ. ಪರದೆಯ ಮೇಲಿನ ನೀಲಿ ಚುಕ್ಕೆಯ ಹಿಂದೆ ಹೋದ ಮಗು ಡಬ್ಬಿಯ ತನಕ ಹೋಗುತ್ತದೆ ನಿಜ, ಆದರೆ ‘ನಾವು ಯಾವ ಕಡೆಯಿಂದ ಬಂದೆವು, ತೋರಿಸು’ ಅಂದರೆ ಸುಮ್ನೆ ನಿಲ್ಲುತ್ತದೆ. ಮೊದಲು ಕಾಗದದ ನಕ್ಷೆ ಇರಲಿ. ಅದೂ ಮಗುವೇ ಬರೆದದ್ದು. ಮನೆಯಿಂದ ಶಾಲೆಗೆ ಹೋಗುವ ದಾರಿ, ನಡುವಿನ ಅಂಗಡಿ, ಅರಳಿಕಟ್ಟೆ, ನೀರಿನ ಟ್ಯಾಂಕ್, ಬಸ್ ಸ್ಟಾಪ್. ಆಮೇಲೆ ಆ ಹಾಳೆ ಹಿಡಿದು ಹೊರಡಿ. ಇಲ್ಲಿ ಒಂದೇ ಒಂದು ಅಭ್ಯಾಸ ಕಲಿಸಿ: ನೀವು ತಿರುಗಿದಾಗ ನಕ್ಷೆಯನ್ನೂ ತಿರುಗಿಸಬೇಕು, ಹಾಳೆಯ ಮೇಲಿನ ಟ್ಯಾಂಕ್ ಮತ್ತು ಎದುರಿಗಿರುವ ಟ್ಯಾಂಕ್ ಒಂದೇ ದಿಕ್ಕಿನಲ್ಲಿ ಬರಬೇಕು. ಅಕ್ಷರ ತಲೆಕೆಳಗಾದರೂ ಪರವಾಗಿಲ್ಲ. ನಕ್ಷೆ ಓದಲು ಬರುವುದಿಲ್ಲ ಅನ್ನುವ ದೊಡ್ಡವರಲ್ಲೂ ಜಾಸ್ತಿ ಜನಕ್ಕೆ ಕೈಕೊಡೋದು ಇದೇ.

ದಿಕ್ಸೂಚಿ ದುಬಾರಿಯದ್ದು ಬೇಕಿಲ್ಲ. ತಳ ಪಾರದರ್ಶಕವಾಗಿದ್ದು, ಡಿಗ್ರಿ ಬರೆದಿರುವ ಬಳೆ ತಿರುಗುವಂತಿದ್ದರೆ ಸಾಕು. ಸೂಜಿ ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ವ್ಯತ್ಯಾಸ ಇರುತ್ತದೆ, ಕೆಲವು ದೇಶಗಳಲ್ಲಿ ಅದನ್ನು ಲೆಕ್ಕ ಹಾಕಲೇಬೇಕು. ಕರ್ನಾಟಕದಲ್ಲಿ ಅದು ಒಂದೆರಡು ಡಿಗ್ರಿ ಅಷ್ಟೇ, ಮಕ್ಕಳ ಆಟಕ್ಕೆ ಮರೆತುಬಿಡಬಹುದು. ಕಾರು, ಕಬ್ಬಿಣದ ಗೇಟು, ಮ್ಯಾಗ್ನೆಟ್ ಇರುವ ಫೋನ್ ಕವರ್ ಇವುಗಳ ಹತ್ತಿರ ಮಾತ್ರ ಹಿಡಿಯಬೇಡಿ. ಕುದುರೆಮುಖದ ಕಡೆ ನೆಲದಲ್ಲೇ ಮ್ಯಾಗ್ನೆಟೈಟ್ ಅದಿರಿದೆ, ಅಂಥ ಕಡೆ ಸೂಜಿಯನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ.

ದಿಕ್ಸೂಚಿ ಇಲ್ಲದೆಯೂ ದಿಕ್ಕು ಹಿಡಿಯಬಹುದು, ಅಲ್ವಾ. ಬಯಲಲ್ಲಿ ಒಂದು ಕೋಲು ನೆಡಿ. ನೆರಳಿನ ತುದಿಗೆ ಒಂದು ಕಲ್ಲಿಡಿ. ಇಪ್ಪತ್ತು ನಿಮಿಷ ಬಿಟ್ಟು ಹೊಸ ತುದಿಗೆ ಇನ್ನೊಂದು ಕಲ್ಲು. ಮೊದಲನೆಯದು ಪಶ್ಚಿಮದ ಕಡೆ, ಎರಡನೆಯದು ಪೂರ್ವದ ಕಡೆ. ಆದರೆ ‘ಮಧ್ಯಾಹ್ನದ ನೆರಳು ಉತ್ತರ ತೋರಿಸುತ್ತೆ’ ಅಂತ ಹೊರದೇಶದ ಪುಸ್ತಕಗಳು ಹೇಳೋದನ್ನು ಇಲ್ಲಿ ಹಾಗೇ ಕಲಿಸಬೇಡಿ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗುತ್ತಾನೆ, ಆಗಸ್ಟ್ 18ರ ಸುಮಾರಿಗೆ ವಾಪಸ್ ಬರುತ್ತಾನೆ. ನಡುವಿನ ತಿಂಗಳುಗಳಲ್ಲಿ ನಡುಮಧ್ಯಾಹ್ನದ ನೆರಳು ಬೀಳೋದು ದಕ್ಷಿಣಕ್ಕೆ. ಬೇಸಿಗೆ ರಜೆ ಬರೋದೇ ಆಗ! ರಾತ್ರಿ ಧ್ರುವ ನಕ್ಷತ್ರ ಹುಡುಕುವುದಾದರೆ ತುಂಬಾ ಕೆಳಗೆ ನೋಡಬೇಕು. ಅದರ ಎತ್ತರ ಆ ಊರಿನ ಅಕ್ಷಾಂಶದಷ್ಟೇ, ಅಂದರೆ ಬೆಂಗಳೂರಿನಲ್ಲಿ 13 ಡಿಗ್ರಿ, ಬೀದರಿನಲ್ಲಿ 18. ಕೈ ಪೂರ್ತಿ ಚಾಚಿ ಹಿಡಿದ ಮುಷ್ಟಿ ಸುಮಾರು 10 ಡಿಗ್ರಿ, ಮಕ್ಕಳು ಹಾಗೇ ಅಳೆಯಲಿ.

ದೂರಕ್ಕೆ ಹೆಜ್ಜೆ ಲೆಕ್ಕ. ನೂರು ಮೀಟರ್ ಅಳೆದು ಗುರುತು ಮಾಡಿ, ಬಲಗಾಲು ನೆಲಕ್ಕೆ ತಾಗಿದಾಗಲೆಲ್ಲ ಎಣಿಸುತ್ತಾ ನಡೆಯಲು ಹೇಳಿ. ಪ್ರತಿ ಮಗುವಿಗೂ ತನ್ನದೇ ಸಂಖ್ಯೆ ಸಿಗುತ್ತದೆ, ಅದನ್ನು ನಕ್ಷೆಯ ಮೂಲೆಯಲ್ಲಿ ಬರೆದುಕೊಳ್ಳಲಿ. ಈ ಅಳತೆಯ ಕೆಲಸಕ್ಕೂ ನಮ್ಮೂರಿಗೂ ಹಳೇ ನಂಟಿದೆ. ಮುಂದೆ ಇಡೀ ದೇಶದ ಸರ್ವೆಗೆ ತಳಪಾಯ ಹಾಕಿದ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಇಲ್ಲಿ ತನ್ನ ಮೊದಲ ರೇಖೆ ಅಳೆದದ್ದು ಬೆಂಗಳೂರಿನ ಹತ್ತಿರವೇ, ಉಕ್ಕಿನ ಸರಪಳಿ ಎಳೆದು. ಮಕ್ಕಳಿಗೆ ಇದನ್ನು ಹೇಳಿ, ಎಣಿಕೆ ತಪ್ಪಿದರೆ ಮತ್ತೆ ಮೊದಲಿನಿಂದ ನಡೆಯಲು ಹುರುಪು ಬರುತ್ತೆ.

ಈಗ ಫೋನು ತೆಗೆಯಿರಿ. ಜಿಪಿಎಸ್‌ಗೆ ಸಿಮ್ ನೆಟ್‌ವರ್ಕ್ ಬೇಕಿಲ್ಲ, ಆದರೆ ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಂಡಿರಬೇಕು. ಲಾಲ್‌ಬಾಗಿನಂಥ ಕಡೆ ಹೋದರೆ ಸಂಖ್ಯೆಗಳ ಆಟ ಚೆನ್ನಾಗಿ ತಿಳಿಯುತ್ತದೆ. ಉತ್ತರಕ್ಕೆ ನಡೆದರೆ ಅಕ್ಷಾಂಶ ಏರುತ್ತದೆ, ಪೂರ್ವಕ್ಕೆ ನಡೆದರೆ ರೇಖಾಂಶ ಏರುತ್ತದೆ. ಚುಕ್ಕೆಯ ನಂತರದ ಮೂರನೇ ಅಂಕಿ ಒಂದು ಬದಲಾದರೆ ಸುಮಾರು 110 ಮೀಟರ್, ನಾಲ್ಕನೆಯದು 11 ಮೀಟರ್, ಐದನೆಯದು ಒಂದು ಮೀಟರ್. ಇದನ್ನು ಬಾಯಲ್ಲಿ ಹೇಳಬೇಡಿ, ನಡೆದು ಅವರೇ ಕಂಡುಕೊಳ್ಳಲಿ. ಒಂದು ಗೊಂದಲ ಮಾತ್ರ ಮೊದಲೇ ಬಿಡಿಸಿಡಿ. ಜಿಯೋಕ್ಯಾಶಿಂಗ್‌ನಲ್ಲಿ ಜಾಗವನ್ನು ಡಿಗ್ರಿ ಮತ್ತು ಮಿನಿಟಿನಲ್ಲಿ ಬರೆಯುತ್ತಾರೆ, ಗೂಗಲ್ ಮ್ಯಾಪ್ಸ್ ಬರೀ ಡಿಗ್ರಿಯಲ್ಲಿ ತೋರಿಸುತ್ತದೆ. 12 ಡಿಗ್ರಿ 57.5 ಮಿನಿಟು ಅಂದರೆ 12.575 ಅಲ್ಲ. ಮಿನಿಟನ್ನು 60ರಿಂದ ಭಾಗಿಸಬೇಕು, ಆಗ 12.9583 ಬರುತ್ತದೆ. ತಪ್ಪು ಬರೆದರೆ ನೀವು ಹುಡುಕುವ ಜಾಗ 42 ಕಿಲೋಮೀಟರ್ ದಕ್ಷಿಣಕ್ಕೆ ಸರಿಯುತ್ತದೆ.

ಬಯಲಲ್ಲಿ ಫೋನಿನ ಜಿಪಿಎಸ್ ಐದು ಮೀಟರ್ ಆಚೀಚೆ ತೋರಿಸುತ್ತದೆ. ದಟ್ಟ ಮರಗಳ ಕೆಳಗೆ, ಎತ್ತರದ ಕಟ್ಟಡಗಳ ನಡುವೆ ಇನ್ನೂ ಜಾಸ್ತಿ. ಹಾಗಾಗಿ ಕೊನೆಯ ಹತ್ತು ಮೀಟರ್ ಬಂದಾಗ ಫೋನ್ ಜೇಬಿಗೆ ಹೋಗಲಿ. ‘ನೀನಾಗಿದ್ದರೆ ಎಲ್ಲಿ ಬಚ್ಚಿಡುತ್ತಿದ್ದೆ?’ ಅಂತ ಕೇಳಿ. ನಿಮ್ಮ ಕಣ್ಣಿಗೆ ಡಬ್ಬಿ ಮೊದಲೇ ಬಿದ್ದರೂ ಬಾಯಿ ಬಿಡಬೇಡಿ, ಆ ಕಡೆ ನೋಡಲೂ ಬೇಡಿ.

ಅಮೆರಿಕ, ಜರ್ಮನಿಯಲ್ಲಿರುವ ಕನ್ನಡದ ಮನೆಗಳಿಗೆ ಡಬ್ಬಿಗಳ ಕೊರತೆಯಿಲ್ಲ. ಜಿಯೋಕ್ಯಾಶಿಂಗ್ ಡಾಟ್ ಕಾಮ್‌ನಲ್ಲಿ ಖಾತೆ ತೆರೆದು, ಹುಡುಕುವುದು ಎಷ್ಟು ಕಷ್ಟ, ಅಲ್ಲಿಗೆ ಹೋಗುವ ನೆಲ ಎಷ್ಟು ಕಠಿಣ ಅಂತ ಹೇಳುವ ಅಂಕಗಳು ಎರಡೂ ಒಂದೂವರೆಯೊಳಗೆ ಇರುವುದನ್ನು ಆರಿಸಿ (ಐದು ಅತಿ ಕಠಿಣ). ಇತ್ತೀಚೆಗೆ ಯಾರಾದರೂ ಕಂಡಿದ್ದಾರಾ ಅಂತಲೂ ನೋಡಿ, ಮೊದಲ ಸಲವೇ ಬರಿಗೈಯಲ್ಲಿ ಬಂದರೆ ಮಕ್ಕಳ ಉತ್ಸಾಹ ಇಳಿದುಹೋಗುತ್ತದೆ. ಕರ್ನಾಟಕದಲ್ಲಿ ಡಬ್ಬಿಗಳು ಕಮ್ಮಿ. ಆದ್ದರಿಂದ ನೀವೇ ಇಟ್ಟು ನೀವೇ ಆಡಿಸೋದು ಮೇಲು: ಅಪಾರ್ಟ್‌ಮೆಂಟಿನ ಅಂಗಳ, ಶಾಲೆಯ ಮೈದಾನ, ಅಜ್ಜಿ ಊರಿನ ತೋಟ. ಒಂದು ಗುಂಪು ಬಚ್ಚಿಡಲಿ, ಇನ್ನೊಂದು ಹುಡುಕಲಿ, ಆಟ ಮುಗಿದ ಮೇಲೆ ಎಲ್ಲವನ್ನೂ ತೆಗೆದುಬಿಡಿ.

ಇನ್ನು ಜಾಗ್ರತೆ. ಬಸ್ ನಿಲ್ದಾಣ, ಮೆಟ್ರೋ, ರೈಲು, ದೇವಸ್ಥಾನ, ಸರ್ಕಾರಿ ಕಚೇರಿಗಳ ಹತ್ತಿರ ಮುಚ್ಚಿದ ಡಬ್ಬಿ ಇಡಲೇಬೇಡಿ, ಜನ ಬಾಂಬ್ ಅಂದುಕೊಂಡರೆ ಅವರ ತಪ್ಪಲ್ಲ. ಒಳಗಿನದು ಕಾಣುವ ಡಬ್ಬಿ ಇರಲಿ, ಮೇಲೆ ಇದು ಏನು ಅಂತ ಕನ್ನಡದಲ್ಲಿ ಬರೆದಿರಲಿ, ಜಾಗದ ಮಾಲೀಕರನ್ನು ಕೇಳಿರಿ. ಹಳೇ ಕೋಟೆ, ಗುಡಿಗಳ ಕಲ್ಲಿನ ಸಂದಿಗೆ ಏನನ್ನೂ ತುರುಕಬೇಡಿ. ಲಾಲ್‌ಬಾಗ್ ಬಂಡೆಯಂಥ ಜಾಗಕ್ಕೆ ಅರ್ಥ್‌ಕ್ಯಾಶ್ ಅನ್ನುವ ಬಗೆ ಹೊಂದುತ್ತದೆ, ಅದರಲ್ಲಿ ಡಬ್ಬಿಯೇ ಇರುವುದಿಲ್ಲ, ಅಲ್ಲಿನ ಕಲ್ಲು ಮಣ್ಣು ನೋಡಿ ಪ್ರಶ್ನೆಗೆ ಉತ್ತರ ಹೇಳಬೇಕು. ಕಾಡಿಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಪೊಟರೆ, ಕಲ್ಲಿನ ಸಂದಿಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ, ಟಾರ್ಚ್ ಬಿಟ್ಟು ನೋಡಬೇಕು. ಹಾವು, ಚೇಳು ನಮ್ಮಲ್ಲಿ ಎಲ್ಲಿ ಬೇಕಾದರೂ ಇರುತ್ತವೆ, ಇದನ್ನು ಮಕ್ಕಳಿಗೆ ಪ್ರತಿ ಸಲವೂ ಹೇಳಿ. ವಿದೇಶದಿಂದ ಬರುವವರು ಉಪಗ್ರಹದ ಮೂಲಕ ಸಂದೇಶ ಕಳಿಸುವ ಗಾರ್ಮಿನ್ ಇನ್‌ರೀಚ್ ಥರದ ಸಾಧನ ತರಬೇಡಿ, ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ.

ಹೈಸ್ಕೂಲು ಮಕ್ಕಳು ಇಷ್ಟನ್ನು ಬೇಗ ದಾಟುತ್ತಾರೆ. ಅವರಿಗೆ ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ ಕೊಡಿ. ಅದರಲ್ಲಿ ಎರಡು ಸೆಂಟಿಮೀಟರ್ ಅಂದರೆ ಒಂದು ಕಿಲೋಮೀಟರ್. ಸಮೋನ್ನತಿ ರೇಖೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು, ಹತ್ತಿರ ಹತ್ತಿರ ಇದ್ದರೆ ಕಡಿದಾದ ಏರು. ಗುಡ್ಡ ಹತ್ತುವ ಮೊದಲೇ ಎಲ್ಲಿ ಏದುಸಿರು ಬರುತ್ತೆ ಅಂತ ಅವರಿಂದಲೇ ಹೇಳಿಸಿ.

ಮಕ್ಕಳು ತಮ್ಮದೇ ಡಬ್ಬಿಯನ್ನು ಜಾಲತಾಣದಲ್ಲಿ ಹಾಕಲು ಬಯಸಿದರೆ ಹಾಕಲಿ. ಇನ್ನೊಂದು ಡಬ್ಬಿಯಿಂದ 161 ಮೀಟರ್ ದೂರ ಇರಬೇಕು, ನೆಲ ಅಗೆದು ಹೂಳುವಂತಿಲ್ಲ. ಅದನ್ನು ನೋಡಿಕೊಳ್ಳುವ ಹೊಣೆಯೂ ಅವರದ್ದೇ, ಆದ್ದರಿಂದ ಸೈಕಲ್ಲಿನಲ್ಲಿ ಹೋಗಿಬರುವಷ್ಟು ಹತ್ತಿರದ ಜಾಗ ಆರಿಸಿ. ರಬ್ಬರ್ ಅಂಚಿನ ಗಟ್ಟಿ ಡಬ್ಬಿ, ಒಳಗೆ ಜಿಪ್ ಕವರಿನಲ್ಲಿ ಪುಸ್ತಕ, ಪೆನ್ನಿನ ಬದಲು ಪೆನ್ಸಿಲ್. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಹೋಗಿ ಹಾಳೆ ಒದ್ದೆಯಾಗಿದೆಯಾ ನೋಡಿ ಬದಲಾಯಿಸಿ ಬರಲಿ.