ಅಜ್ಜನ ಕೋವಿಯ ಹೊಸ ಮರ ಕೆಟ್ಟು ಬಂದಾಗ

ನನ್ನ ಹತ್ತಿರ ಇರುವುದು ಅಜ್ಜನ ಕಾಲದ 12 ಬೋರ್ ಜೋಡು ನಳಿಗೆ ಕೋವಿ, ಬರ್ಮಿಂಗ್‌ಹ್ಯಾಮ್‌ನಲ್ಲಿ ಮಾಡಿದ್ದು. ನಳಿಗೆಯ ಹಿಂದಿನಿಂದ ಭುಜಕ್ಕೆ ಒರಗುವವರೆಗಿನ ಮರ, ಕೈ ಹಿಡಿಯುವ ಸಣ್ಣ ಜಾಗದಲ್ಲಿ ಸೀಳಿತ್ತು. ತಾಮ್ರದ ತಂತಿ ಸುತ್ತಿಕೊಂಡೇ ಎಷ್ಟೋ ವರ್ಷ ಓಡಿತು. ಅಜ್ಜ ಕುಳ್ಳಗಿದ್ದರು, ನಾನು ಉದ್ದ. ಹೇಗೂ ಮರ ಬದಲಾಯಿಸಬೇಕು, ನನ್ನ ಅಳತೆಗೇ ಮಾಡಿಸೋಣ ಅಂತ ಜಿಲ್ಲೆಯ ಹೊರಗಿನ ಒಂದು ಅಂಗಡಿಗೆ ಕೊಟ್ಟೆ.

ಊರಿನ ಬಡಗಿಗೇ ಕೊಡಬಹುದಿತ್ತಲ್ವಾ ಅಂತ ಆಮೇಲೆ ತುಂಬಾ ಜನ ಕೇಳಿದರು. ಕೊಡುವ ಹಾಗಿಲ್ಲ. ನಮ್ಮ ಕೊಡಗಿನಲ್ಲಿ ಕೊಡವರಿಗೂ, ಜಮ್ಮಾ ಅನ್ನುವ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, ನಿಜ. ಆದರೆ ರಿಪೇರಿಯ ಮಾತು ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಕೋವಿ ರಿಪೇರಿ ಮಾಡುವವನಿಗೆ ಅದಕ್ಕಂತಲೇ ಲೈಸೆನ್ಸ್ ಬೇಕು.

ಅಳತೆಯನ್ನು ಚೀಟಿಯಲ್ಲಿ ಬರೆದು ಕೊಟ್ಟಿದ್ದೆ, ರಸೀದಿ ಮೇಲೂ ಬರೆಸಿಕೊಂಡಿದ್ದೆ. ಮುಂದಿನ ಟ್ರಿಗರ್‌ನಿಂದ ಬಟ್ಟಿನ, ಅಂದರೆ ಭುಜಕ್ಕೆ ಒರಗುವ ಹಿಂಭಾಗದ, ನಡುವಿಗೆ 14¾ ಇಂಚು. ಬಟ್ಟು ಬಲಕ್ಕೆ ಕಾಲು ಇಂಚು ವಾಲಿರಬೇಕು. ಈ ವಾಲಿಗೆ ಕಾಸ್ಟ್ ಆಫ್ ಅನ್ನುತ್ತಾರೆ. ಬಲಗೈಯವನ ಕೆನ್ನೆ ಮರಕ್ಕೆ ತಾಗಿದಾಗ ಕಣ್ಣು ಎರಡು ನಳಿಗೆಗಳ ನಡುವಿನ ಪಟ್ಟಿಯ ನೇರಕ್ಕೆ ಬರಲಿ ಅಂತ ಅದು.

ಹೇಳಿದ ಗಡುವು ಮೀರಿ ಎಷ್ಟೋ ದಿನದ ಮೇಲೆ ಕೋವಿ ಬಂತು. ಮರ ಒಳ್ಳೆ ವಾಲ್‌ನಟ್ಟೇ. ಪಾಲಿಯುರೆಥೇನ್ ವಾರ್ನಿಶ್ ಬಳಿದು ಹೊಸ ಸೋಫಾದ ಕಾಲಿನ ಹಾಗೆ ಹೊಳೆಯುತ್ತಿತ್ತು. ಮನೆಯವರೆಲ್ಲ ಚೆನ್ನಾಗಿದೆ ಅಂದರು. ಭುಜಕ್ಕೆ ಇಟ್ಟಾಗಲೇ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಟೇಪ್ ಹಿಡಿದರೆ ಉದ್ದ 14 ಇಂಚೂ ಇಲ್ಲ. ನಳಿಗೆಯ ಪಟ್ಟಿಯ ಮೇಲಿಂದ ಬಟ್ಟಿನ ಹಿಮ್ಮಡಿವರೆಗೆ ದಾರ ಬಿಗಿದು ನೋಡಿದೆ, ವಾಲೇ ಇಲ್ಲ, ದಾರ ಮರದ ನಟ್ಟನಡುವೆ ಹೋಗುತ್ತಿದೆ. ಮೇಲಿನ ಟ್ಯಾಂಗ್, ಅಂದರೆ ಕಬ್ಬಿಣದ ನಾಲಿಗೆಯಂತೆ ಮರದೊಳಗೆ ಇಳಿಯುವ ಪಟ್ಟಿ, ಅದರ ಸುತ್ತ ಮರವನ್ನು ಕಬ್ಬಿಣಕ್ಕಿಂತ ತಗ್ಗಾಗಿ ಉಜ್ಜಿಬಿಟ್ಟಿದ್ದರು. ಒಳ್ಳೆ ಕೆಲಸಗಾರ ಅಲ್ಲಿ ಮರವನ್ನು ಕೂದಲೆಳೆಯಷ್ಟು ಎತ್ತರವೇ ಬಿಡುತ್ತಾನೆ, ಮುಂದೆ ಯಾವಾಗಲಾದರೂ ಉಜ್ಜಿ ಪಾಲಿಶ್ ಮಾಡಲು ಜಾಗ ಇರಲಿ ಅಂತ. ಸ್ಕ್ರೂಗಳ ತಲೆಯ ಗೀಟು ಕಿತ್ತುಹೋಗಿತ್ತು. ತೆಳುವಾಗಿ ಉಜ್ಜಿ ಹೊಂದಿಸಿದ ಸ್ಕ್ರೂಡ್ರೈವರ್ ಬಿಟ್ಟು ಅಂಗಡಿಯಲ್ಲಿ ಸಿಗುವ ಮಾಮೂಲಿಯದನ್ನು ಹಾಕಿ ತಿರುಗಿಸಿದರೆ ಹೀಗಾಗುತ್ತದೆ.

ಇವೆಲ್ಲ ಕಣ್ಣಿಗೆ ಕಾಣುವ ತಪ್ಪುಗಳು. ನನಗೆ ಭಯ ಇದ್ದದ್ದು ಕಾಣದ ಜಾಗದ ಬಗ್ಗೆ. ಈಡು ಹೊಡೆದಾಗ ಕಬ್ಬಿಣ ಹಿಂದಕ್ಕೆ ಗುದ್ದುತ್ತದೆ. ಆ ಗುದ್ದನ್ನು ಮರದ ಮುಂಭಾಗ ಪೂರ್ತಿ ಅಗಲಕ್ಕೆ ತಡೆಯಬೇಕು. ಅಲ್ಲಿ ಸಂದು ಬಿಟ್ಟರೆ ಗುದ್ದೆಲ್ಲ ಟ್ಯಾಂಗಿನ ತುದಿಗೆ ಬೀಳುತ್ತದೆ. ತುದಿ ಮರದ ಎಳೆಯೊಳಗೆ ಹೊಕ್ಕು ಸೀಳುತ್ತದೆ. ತೆಳು ಕಾಗದದ ಪಟ್ಟಿ ತಗೊಂಡು ಕಬ್ಬಿಣಕ್ಕೂ ಮರಕ್ಕೂ ನಡುವೆ ತೂರಿಸಿ ನೋಡಿದೆ. ಎಡಗಡೆ ಸಲೀಸಾಗಿ ಹೋಯಿತು. ಬಲಗಡೆ ಹೋಗಲಿಲ್ಲ. ಸದ್ಯ, ಒಂದು ಕಡೆಯಾದರೂ ಸರಿ ಇದೆ ಅಂದುಕೊಂಡು ಹಲ್ಲುಕಡ್ಡಿಯಲ್ಲಿ ಕೆರೆದರೆ ಕಂದು ಬಣ್ಣದ ಮೇಣ ಸುರುಳಿ ಸುರುಳಿಯಾಗಿ ಬಂತು! ಸಂದನ್ನು ಮೇಣ ತುಂಬಿ ಮುಚ್ಚಿದ್ದರು.

ಅಷ್ಟರಲ್ಲಾಗಲೇ ನಾನು ತೋಟದ ಹಿಂದಿನ ಬರೆಗೆ, ಅಂದರೆ ಮಣ್ಣಿನ ದಿಬ್ಬಕ್ಕೆ, ಕಾಗದ ಕಟ್ಟಿ ಕೆಲವು ಈಡು ಹೊಡೆದಿದ್ದೆ. ಇದೊಂದು ಹಳೆಯ ಪರೀಕ್ಷೆ. 16 ಗಜ ದೂರದಿಂದ, ಗುರಿ ಹಿಡಿಯುತ್ತಾ ನಿಲ್ಲದೆ, ಎತ್ತಿದ ಕೂಡಲೇ ಹೊಡೆಯಬೇಕು. ಚರೆಯ, ಅಂದರೆ ತೋಟೆಯಿಂದ ಹಾರುವ ಸಣ್ಣ ಗುಂಡುಗಳ, ನಡು ಗುರಿಯಿಂದ ಎಷ್ಟು ಇಂಚು ಸರಿದಿದೆಯೋ, ಇಂಚಿಗೆ ಹದಿನಾರನೇ ಒಂದು ಇಂಚಿನ ಹಾಗೆ ಮರದಲ್ಲಿ ತಿದ್ದಬೇಕು ಅನ್ನುವುದು ಲೆಕ್ಕ. ನನ್ನದು ಹತ್ತಿರ ಹತ್ತಿರ ನಾಲ್ಕು ಇಂಚು ಎಡಕ್ಕೆ ಬಿದ್ದಿತ್ತು, ಅಂದರೆ ಕಾಲು ಇಂಚು ವಾಲಿನ ಕೊರತೆ. ಮರ ಗಿಡ್ಡವಾದ್ದರಿಂದ ಟ್ರಿಗರ್ ಗಾರ್ಡ್ ಮಧ್ಯದ ಬೆರಳಿಗೆ ಹೊಡೆದು ಬೆರಳು ಊದಿಕೊಂಡಿತು. ಮೇಣ ನೋಡಿದ ಮೇಲೆ ಭೂತಗನ್ನಡಿ ಹಿಡಿದರೆ ಟ್ಯಾಂಗಿನ ತುದಿಯಲ್ಲಿ ಪಾಲಿಶಿನ ಕೆಳಗೆ ಒಂದು ಬಿಳಿ ಗೆರೆ. ಸೀಳು ಶುರುವಾಗಿತ್ತು. ಅಲ್ಲಿಗೆ ಈಡು ಹೊಡೆಯುವುದನ್ನು ನಿಲ್ಲಿಸಿದೆ.

ಅಂಗಡಿಯವರ ಮುಂದೆ ಚೀಟಿ, ರಸೀದಿ, ಫೋಟೋ, ಕಾಗದ ಎಲ್ಲ ಇಟ್ಟೆ. "ಮರ ಕೂತ್ಕೊಳ್ಳುತ್ತೆ ಸಾರ್, ಇನ್ನೊಂದು ಹತ್ತು ಈಡು ಹೊಡೀರಿ" ಅಂದರು. "ಕೂತ್ಕೊಳ್ಳಲ್ಲ, ಒಡೆಯುತ್ತೆ" ಅಂದೆ. ಆಮೇಲೆ ಬಿಟ್ಟಿಯಾಗಿ ಉಜ್ಜಿ ಮತ್ತೆ ಪಾಲಿಶ್ ಹಾಕಿಕೊಡುತ್ತೇವೆ ಅಂದರು. ಅದನ್ನು ಮಾತ್ರ ಒಪ್ಪಲಿಲ್ಲ. ಕಡಿಮೆಯಾಗಿರುವುದೇ ಮರ, ಇನ್ನೂ ಉಜ್ಜಿದರೆ ಉಳಿಯುವುದೇನು? ಒಂದಿಷ್ಟು ಜಗ್ಗಾಡಿ ಅರ್ಧ ದುಡ್ಡು ವಾಪಸ್ ಪಡೆದೆ. ಪೂರ್ತಿಗೆ ಗ್ರಾಹಕರ ಆಯೋಗಕ್ಕೆ ಹೋಗಬಹುದಿತ್ತು. ಆದರೆ ಕೇಸು ಮುಗಿಯುವವರೆಗೆ ಕೋವಿಯನ್ನು ಸಾಕ್ಷಿ ಅಂತ ಹಾಗೇ ಇಟ್ಟುಕೊಂಡು ಕೂರಬೇಕಾಗುತ್ತದೆ ಅಂತ ಸುಮ್ನಾದೆ.

ಇನ್ನೊಂದು ಊರಿನಲ್ಲಿ ಲೈಸೆನ್ಸ್ ಇರುವ ವಯಸ್ಸಾದ ಆಚಾರ್ರು ಒಬ್ಬರು ಸಿಕ್ಕರು. ಅವರು ಕೋವಿ ಬಿಚ್ಚಿ, ಸೀಮೆಎಣ್ಣೆ ದೀಪದ ಮಸಿಯನ್ನು ಕಬ್ಬಿಣಕ್ಕೆ ಹಿಡಿಸಿ, ಮರದೊಳಗೆ ಒತ್ತಿ ತೆಗೆದರು. ಮಸಿ ಅಂಟಿದ ಜಾಗದಲ್ಲಿ ಮಾತ್ರ ಕಬ್ಬಿಣ ತಾಗುತ್ತಿದೆ ಅಂತ ಅರ್ಥ. ಟ್ಯಾಂಗಿನ ತುದಿಯಲ್ಲಿ ಉಗುರಿನಷ್ಟು ಕಪ್ಪು. ಮುಂಭಾಗ ಪೂರ್ತಿ ಬೆಳ್ಳಗೆ. "ಹೊಸ ಮರಾನೇ ಹಾಕಬೇಕಾ ಆಚಾರ್ರೇ?" ಅಂತ ಕೇಳಿದೆ. ಅವರು ಮರದ ಎಳೆ ನೋಡಿದರು. ಹಿಡಿಯ ಉದ್ದಕ್ಕೂ ಎಳೆ ನೇರವಾಗಿ ಹರಿದಿತ್ತು. "ಎಳೆ ಅಡ್ಡ ಇದ್ದಿದ್ರೆ ಒಲೆಗೆ ಹಾಕಿ ಅಂತಿದ್ದೆ. ಇದು ಉಳಿಯುತ್ತೆ ಬಿಡಿ" ಅಂದರು.

ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದರಲ್ಲೇ ಅವರ ಅರ್ಧ ವಿದ್ಯೆ ಇತ್ತು. ಮೊದಲು ಪಾಲಿಯುರೆಥೇನ್ ಕೆರೆದು ತೆಗೆದರು, ಬಿಸಿ ತಾಗಿದರೆ ಅದು ಗುಳ್ಳೆ ಏಳುತ್ತದೆ. ಆಮೇಲೆ ವಾಲು. ಹಿಡಿಗೆ ಬಟ್ಟೆ ಸುತ್ತಿ, ಬಿಸಿ ಅಗಸೆ ಎಣ್ಣೆಯನ್ನು ಮತ್ತೆ ಮತ್ತೆ ಹುಯ್ದು, ಮರ ಕಾದು ಬಗ್ಗುವ ಹದಕ್ಕೆ ಬಂದಾಗ ಚೌಕಟ್ಟಿನಲ್ಲಿ ಸ್ಕ್ರೂ ತಿರುಗಿಸುತ್ತಾ ಬಲಕ್ಕೆ ಒತ್ತಿದರು. ಬಿಟ್ಟ ಮೇಲೆ ಮರ ಸ್ವಲ್ಪ ಹಿಂದಕ್ಕೆ ಬರುತ್ತದೆ, ಅದಕ್ಕೇ ಬೇಕಾದ್ದಕ್ಕಿಂತ ಜಾಸ್ತಿಯೇ ಬಗ್ಗಿಸಿ ಆರಲು ಬಿಟ್ಟರು. ಎಪಾಕ್ಸಿ ಅಂಟು ಹಾಕುವ ಕೆಲಸ ಇದಾದ ಮೇಲೆ. ಮೊದಲೇ ಹಾಕಿದ್ದರೆ ಬಿಸಿಗೆ ಮೆತ್ತಗಾಗುತ್ತಿತ್ತು, ಬಗ್ಗಿಸುವಾಗ ಕೂತ ಜಾಗವೂ ಅಲುಗಾಡುತ್ತಿತ್ತು. ಸೀಳಿಗೆ ತೆಳು ಎಪಾಕ್ಸಿ ಇಳಿಸಿ ಒಳಗಿನಿಂದ ಹಿತ್ತಾಳೆ ಪಿನ್ನು. ಮರದ ಮುಂಭಾಗಕ್ಕೆ ಮರದ ಹುಡಿ ಕಲಸಿದ ಎಪಾಕ್ಸಿ. ಕಬ್ಬಿಣಕ್ಕೆ ಅಂಟದಿರಲಿ ಅಂತ ಅದಕ್ಕೆ ಮೇಣ ಸವರಿ ಕೂರಿಸಿದರು. ಟ್ಯಾಂಗಿನ ತುದಿಯ ಹಿಂದೆ ಮಾತ್ರ ಬೇಕೆಂದೇ ಸಣ್ಣ ಸಂದು ಬಿಟ್ಟರು. ಮತ್ತೆ ಮಸಿ ಹಿಡಿದಾಗ ಮುಂಭಾಗವೆಲ್ಲ ಕಪ್ಪು, ತುದಿ ಬೆಳ್ಳಗೆ. ಉದ್ದಕ್ಕೆ ಬಟ್ಟಿಗೂ ರಬ್ಬರ್ ಪ್ಯಾಡಿಗೂ ನಡುವೆ ಬೀಟೆಯ ಒಂದು ಹಲಗೆ ತುಂಡು ಸೇರಿಸಿದರು. ಇಡೀ ಬಟ್ಟನ್ನೇ ಬೀಟೆಯಲ್ಲಿ ಮಾಡಿಸಬೇಕೆಂಬ ಆಸೆ ನಮ್ಮ ಕಡೆ ಕೆಲವರಿಗಿದೆ. ವಾಲ್‌ನಟ್‌ಗಿಂತ ಅದು ತುಂಬಾ ಭಾರ, ಕೋವಿಯ ತೂಕವೆಲ್ಲ ಹಿಂದಕ್ಕೆ ಬೀಳುತ್ತದೆ.

ಎಣ್ಣೆ ಹಚ್ಚುವ ಕೆಲಸ ನಾನೇ ಮಾಡಿದೆ. ಕಾಯಿಸಿದ ಅಗಸೆ ಎಣ್ಣೆ, ನಾಲ್ಕು ಹನಿ, ಅಂಗೈಯಲ್ಲಿ ಬಿಸಿ ಬರುವವರೆಗೆ ಉಜ್ಜಿ ಒಣಗಲು ಬಿಡುವುದು. ನಮ್ಮ ಮಳೆಗಾಲದಲ್ಲಿ ಇದು ಒಣಗುವುದೇ ಇಲ್ಲ, ಅಂಟಂಟಾಗಿ ಕೂರುತ್ತದೆ. ಬಿಸಿಲು ಬರುವವರೆಗೆ ಕಾಯಬೇಕು. ಪ್ಯಾಡಿನ ಅಡಿಯಲ್ಲಿ, ಸ್ಕ್ರೂ ತೂತುಗಳೊಳಗೆ ಎಲ್ಲ ಕಡೆ ಎಣ್ಣೆ ಕುಡಿಸಿದೆ, ಥಂಡಿ ಮರದೊಳಗೆ ನುಗ್ಗುವುದು ಅಂಥ ಜಾಗಗಳಿಂದಲೇ. ಇನ್ನೊಂದು, ಅಗಸೆ ಎಣ್ಣೆಯ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ, ಇಲ್ಲವೇ ನೀರಿಗೆ ಹಾಕಿ.

ಕಾಗದದ ಮೇಲೆ ಈಗ ಚರೆ ನಡುವಿಗೇ ಬೀಳುತ್ತಿದೆ. ಬೆರಳು ಊದುವುದಿಲ್ಲ. ಟ್ಯಾಂಗಿನ ಸುತ್ತ ತಗ್ಗಾದ ಮರಕ್ಕೆ ಮಾತ್ರ ಆಚಾರ್ರೂ ಏನೂ ಮಾಡಲಾಗಲಿಲ್ಲ, ಹೆಬ್ಬೆರಳಿಗೆ ಕಬ್ಬಿಣದ ಅಂಚು ಈಗಲೂ ಸಿಗುತ್ತದೆ. ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ, ಅಂದರೆ ಕೊಡಗಿನ ಆಯುಧ ಪೂಜೆಯ ಹಬ್ಬಕ್ಕೆ, ಕೋವಿ ಬೇಕು. ಕೈ ಜಾರದಿರಲಿ ಅಂತ ಹಿಡಿಯ ಮೇಲೆ ಕೊರೆಯುವ ಚೆಕರಿಂಗ್ ಗೆರೆಗಳನ್ನು ಅದಾದ ಮೇಲೆ ಹೊಸದಾಗಿ ಕೊರೆಸುತ್ತೇನೆ, ಒಂದು ಮಳೆಗಾಲ ಕಳೆದು ಮರ ಹಿಗ್ಗುವುದು ಕುಗ್ಗುವುದು ಎಲ್ಲ ಮುಗಿಯಲಿ ಅಂತ ಆಚಾರ್ರೇ ಹೇಳಿದ್ದಾರೆ.