ಎರಡನೇ ಹಾಳೆಯಲ್ಲಿ ಸಿಕ್ಕ ಕಡಲು

ಕಡಲತೀರದ ಆ ಊರಿಗೆ ಹೋದ ಮೊದಲ ವಾರವೆಲ್ಲ ದಕ್ಕೆಯ ಮೇಲೆ ಕೂತು ಜಲವರ್ಣದಲ್ಲಿ ಚಿತ್ರ ಬರೆದೆ. ದೋಣಿ ದೋಣಿಯ ಹಾಗೇ ಬಂತು, ದೀಪಸ್ತಂಭವೂ ಬಂತು. ನೀರು ಮಾತ್ರ ಬರಲಿಲ್ಲ, ಬರೀ ನೀಲಿ ಬಣ್ಣ ಬಂತು.

ಉಬ್ಬರದಿಂದ ಇಳಿತಕ್ಕೆ ಸುಮಾರು 6 ಗಂಟೆ. ಒಂದು ದಿನ ಜಾಗ ಬಿಟ್ಟು ಏಳದೆ ಅಷ್ಟು ಹೊತ್ತೂ ನೋಡಿದೆ. ನೀರು ಹಿಂದೆ ಸರಿದಂತೆ ಬಂದರಿನ ತಳ ಮೇಲೆದ್ದು ಬಂತು. ಕೆಸರಿನಲ್ಲಿ ಓರೆಯಾಗಿ ಮಲಗಿದ ದೋಣಿಗಳು, ಲಂಗರಿನ ಸರಪಳಿ ಎಳೆದಾಡಿದ ಗೆರೆ, ಏಡಿಗಳು ಉರುಳಿಸಿಟ್ಟ ಮರಳುಂಡೆ, ಗೋಡೆಯ ಮೇಲೆ ನೀರು ಮುಟ್ಟುವ ಮಟ್ಟಕ್ಕೆ ಸರಿಯಾಗಿ ಪಾಚಿಯ ಹಸಿರು ಪಟ್ಟಿ. ಯಾವುದನ್ನೂ ಯಾರೂ ಬರೆದದ್ದಲ್ಲ. ಒತ್ತಿದ್ದು, ಉಜ್ಜಿದ್ದು, ಬಿಟ್ಟುಹೋದದ್ದು. ಇದಕ್ಕೆ ಕುಂಚಕ್ಕಿಂತ ಅಚ್ಚೇ ಹತ್ತಿರ ಎಂದು ನನಗೆ ಹೊಳೆದದ್ದು ಅಲ್ಲಿಯೇ.

ಅಚ್ಚುಚಿತ್ರ ಕಲಿಸುವ ಹಿರಿಯ ಕಲಾವಿದೆಯೊಬ್ಬರು ನನಗೆ ಮೋನೋಟೈಪ್‌ನಿಂದ ಶುರು ಮಾಡಿಸಿದರು. ಪ್ಲೇಟಾಗಿ ಬಳಸುವ ಅಕ್ರಿಲಿಕ್ ಹಾಳೆಯ ಮೇಲೆ ರೋಲರ್‌ನಿಂದ ಇಂಕು ಹರಡುವುದು, ಬೆಳಕು ಬೇಕಾದಲ್ಲಿ ಬಟ್ಟೆಯಿಂದ, ಹತ್ತಿಕಡ್ಡಿಯಿಂದ, ರಟ್ಟಿನ ಅಂಚಿನಿಂದ ಒರೆಸಿ ತೆಗೆಯುವುದು, ಮೇಲೆ ಒದ್ದೆ ಕಾಗದವಿಟ್ಟು ಪ್ರೆಸ್ಸಿನಡಿ ಹಾಯಿಸುವುದು. ಹೇಳಿದರೆ ಇಷ್ಟೇ. ನಾನು ಇಂಕಿನ ಕತ್ತಲಿನ ಮೇಲೂ ಕುಂಚದಿಂದ ದೋಣಿ ಬರೆಯುತ್ತಲೇ ಇದ್ದೆ. ಅವರು ಹಿಂದೆ ನಿಂತು ನೋಡಿ, "ನೀವು ಇನ್ನೂ ಬರೀತಾನೇ ಇದೀರಿ. ಒರೆಸಿ" ಎಂದರು.

ಇಂಕಿನ ಹದವನ್ನು ಕಣ್ಣಿಗಿಂತ ಮೊದಲು ಕಿವಿ ಹೇಳುತ್ತದೆ. ಹೆಚ್ಚಾಗಿದ್ದರೆ ರೋಲರ್ ಪಚಪಚ ಎನ್ನುತ್ತದೆ. ಹದವಾಗಿದ್ದರೆ ರೇಷ್ಮೆ ಉಜ್ಜಿದಂಥ ಸಣ್ಣ ಸದ್ದು. ಕಾಗದದ ಹದವೂ ಹಾಗೆಯೇ: ದಪ್ಪನೆಯ ಹತ್ತಿ ಕಾಗದವನ್ನು ನಾನು 20 ನಿಮಿಷ ನೀರಿನಲ್ಲಿಟ್ಟು, ಒತ್ತುಕಾಗದದ ನಡುವೆ ಒತ್ತಿ, ಮೇಲಿನ ಹೊಳಪು ಪೂರ್ತಿ ಹೋದ ಮೇಲೆ ಮಾತ್ರ ಬಳಸುತ್ತೇನೆ. ಹೊಳಪು ಉಳಿದಿದ್ದರೆ ಎಣ್ಣೆ ಇಂಕನ್ನು ನೀರು ತಳ್ಳುತ್ತದೆ, ಅಲ್ಲಲ್ಲಿ ಬಿಳಿ ಮಚ್ಚೆ ಬೀಳುತ್ತದೆ.

ನನ್ನ ಮೊದಲ ಅಚ್ಚು ಕಪ್ಪು ಮುದ್ದೆಯಾಯಿತು. ಇಂಕು ಹೆಚ್ಚಾಗಿ, ಒತ್ತಡಕ್ಕೆ ದೋಣಿಯ ಗೆರೆಗಳೆಲ್ಲ ಹರಡಿ ಒಂದಾಗಿದ್ದವು. ಪ್ಲೇಟು ತೊಳೆಯಲು ಹೊರಟೆ. ಅವರು ಕೈ ತಡೆದು, ಹೊಸ ಇಂಕು ಹಾಕದೆ ಅದರ ಮೇಲೆಯೇ ಇನ್ನೊಂದು ಕಾಗದ ಇಡಿಸಿದರು. ಪ್ರೆಸ್ಸಿನ ಕಂಬಳಿ ಎತ್ತಿ ಆ ಕಾಗದವನ್ನು ಮೂಲೆಯಿಂದ ಬಿಡಿಸಿದಾಗ ನನ್ನ ಉಸಿರು ನಿಂತಂತಾಯಿತು. ಮಂಜಿನಂಥ ಬೂದು, ಅದರೊಳಗೆ ಅರ್ಧ ಕರಗಿದ ದೋಣಿಯ ಪಕ್ಕೆ, ಬಟ್ಟೆ ಎಳೆದ ಜಾಗದಲ್ಲಿ ಒದ್ದೆ ಕೆಸರಿನ ಮಿನುಗು. ಕಡಲು ಬಂದಿತ್ತು, ಕಡಲು ಹಿಂದೆ ಸರಿದ ಹೊತ್ತಿನ ರೂಪದಲ್ಲಿ. ಎಡಕ್ಕೆ ಬರೆದ ದೀಪಸ್ತಂಭ ಬಲಕ್ಕೆ ಬಂದಿತ್ತು, ಅಚ್ಚಿನಲ್ಲಿ ಎಲ್ಲವೂ ತಿರುಗುಮುರುಗು ತಾನೆ. ಕಂಡ ಊರನ್ನು ಇದ್ದಹಾಗೇ ಇಳಿಸಬೇಕೆಂಬ ಹಟ ಬಿಡಲು ಅದೂ ನೆರವಾಯಿತು.

ಈ ಎರಡನೇ ಹಾಳೆಯನ್ನು ಅಚ್ಚಿನವರು ಗೋಸ್ಟ್ ಪ್ರಿಂಟ್ ಎನ್ನುತ್ತಾರೆ. 19ನೇ ಶತಮಾನದಲ್ಲಿ ಫ್ರೆಂಚ್ ಚಿತ್ರಕಾರ ಎಡ್ಗರ್ ಡೆಗಾ ಇಂಥ ತಿಳಿಯಾದ ಅಚ್ಚುಗಳ ಮೇಲೆಯೇ ಪೇಸ್ಟಲ್, ಅಂದರೆ ಒಣ ಬಣ್ಣದ ಕಡ್ಡಿ, ಹಾಕಿ ಎಷ್ಟೋ ಚಿತ್ರಗಳನ್ನು ಮಾಡಿದರು. ನಾನು ಹಿಡಿದದ್ದೂ ಅದೇ ದಾರಿ, ಪೇಸ್ಟಲ್ ಬದಲು ಜಲವರ್ಣ.

ಆಮೇಲೆ ಕೊಲಾಗ್ರಾಫ್. ದಪ್ಪ ರಟ್ಟಿನ ಮೇಲೆ ಮರಳು, ಹರಿದ ಬಲೆಯ ದಾರ, ಒಣಗಿಸಿ ಒತ್ತಿದ ಪಾಚಿಯನ್ನು ಅಂಟಿಸಿ ಅದನ್ನೇ ಪ್ಲೇಟು ಮಾಡುವುದು. ದಡದ ಮೇಲೆ ಬಿದ್ದದ್ದೇ ಚಿತ್ರದ ಗೆರೆಯಾಗುತ್ತದೆಂಬ ಖುಷಿಗೆ ಆತುರಪಟ್ಟೆ. ಮೇಲೆ ಅರಗಿನ ವಾರ್ನಿಷ್ ಒಂದೇ ಕೈ ಬಳಿದು ಅಚ್ಚು ತೆಗೆದರೆ, ಒದ್ದೆ ಕಾಗದ ರಟ್ಟಿಗೆ ಕಚ್ಚಿಕೊಂಡು ಪಾಚಿಯೂ ಕಾಗದವೂ ಒಟ್ಟಿಗೆ ಕಿತ್ತುಬಂದವು. ಈಗ ಅಂಚು, ಬೆನ್ನು ಸೇರಿ ಎರಡು ಕೈ ಬಳಿದು ಇಡೀ ರಾತ್ರಿ ಒಣಗಲು ಬಿಡುತ್ತೇನೆ.

ಬಣ್ಣದ ವಿಷಯದಲ್ಲಿ ನನ್ನನ್ನು ಎಳೆದದ್ದು ಅಚ್ಚುಚಿತ್ರ ಕಲಾವಿದ ಕೃಷ್ಣ ರೆಡ್ಡಿ. ಆಂಧ್ರದಲ್ಲಿ ಹುಟ್ಟಿ, ಶಾಂತಿನಿಕೇತನದಲ್ಲಿ ಕಲಿತು, ಪ್ಯಾರಿಸ್ಸಿನ ಅಚ್ಚುಚಿತ್ರ ಕಾರ್ಯಾಗಾರ ಅಟೆಲಿಯೆ 17ರಲ್ಲಿ, ಇಂಕುಗಳ ಮಂದ-ತೆಳುವಿನ ವ್ಯತ್ಯಾಸದಿಂದ ಒಂದೇ ಪ್ಲೇಟಿನಿಂದ ಹಲವು ಬಣ್ಣ ತೆಗೆಯುವ ವಿಸ್ಕಾಸಿಟಿ ವಿಧಾನವನ್ನು ಬೆಳೆಸಿದವರಲ್ಲಿ ಅವರು ಪ್ರಮುಖರು. 1963ರ ಅವರ 'ವರ್ಲ್‌ಪೂಲ್' ಎಂಬ ಅಚ್ಚುಚಿತ್ರ ನೀರಿನ ಸುಳಿಯನ್ನೇ ಪ್ಲೇಟಿನಲ್ಲಿ ಕೆತ್ತಿದಂತಿದೆ. ಈ ವಿಧಾನದಲ್ಲಿ ಅಗಸೆ ಎಣ್ಣೆ ಬೆರೆಸಿ ತೆಳುಮಾಡಿದ ಇಂಕನ್ನು ಗಟ್ಟಿ ರೋಲರ್‌ನಿಂದ ಎತ್ತರದ ಭಾಗಕ್ಕೆ ಮಾತ್ರ ಹಚ್ಚಬೇಕು. ಆಮೇಲೆ ಅಂಟು ಹೆಚ್ಚಿರುವ ಇಂಕನ್ನು ಮೆತ್ತನೆಯ ರೋಲರ್‌ನಿಂದ ಉರುಳಿಸಿದರೆ ಅದು ತಗ್ಗಿಗೂ ಇಳಿಯುತ್ತದೆ. ಆದರೆ ಎಣ್ಣೆ ಕುಡಿದ ಜಾಗ ಅದನ್ನು ಹತ್ತಿರ ಸೇರಿಸುವುದಿಲ್ಲ. ನಾನು ಇದನ್ನು ಕೊಲಾಗ್ರಾಫ್ ರಟ್ಟಿನ ಮೇಲೆ ಮಾಡಿ ನೋಡಿದೆ. ಮರಳಿನ ತುದಿಗಳಲ್ಲಿ ತಿಳಿ ಹಳದಿ, ಅವುಗಳ ನಡುವಿನ ತಗ್ಗಿನಲ್ಲಿ ಪ್ರಷಿಯನ್ ನೀಲಿ. ಎರಡೂ ಕೂಡುವಲ್ಲಿ ನಾನು ಎಂದೂ ಕಲಸಿ ಮಾಡಲಾರದ ಹಸಿರು, ಗೋಡೆಯ ಆ ಪಾಚಿಪಟ್ಟಿಯದೇ ಹಸಿರು. ಹತ್ತು ಹಾಳೆ ತೆಗೆದರೆ ಎರಡರಲ್ಲಿ ಮಾತ್ರ ಅದು ಸಿಕ್ಕಿತು. ಎಣ್ಣೆಯ ಪ್ರಮಾಣ ಒಂದು ಹನಿ ಆಚೀಚೆಯಾದರೂ ಬಣ್ಣಗಳು ಒಂದರೊಳಗೊಂದು ಸೇರಿ ಮಂಕಾಗುತ್ತವೆ. ನಾನು ಹೇಳುವುದಾದರೆ ಹೊಸಬರು ಮೋನೋಟೈಪ್‌ನಲ್ಲಿ ಕೈ ಕೂರುವವರೆಗೆ ಇದಕ್ಕೆ ಹೋಗದಿರುವುದೇ ಒಳ್ಳೆಯದು.

ಈಗ ಪ್ಲೇಟು ತೊಳೆಯುವ ಮುನ್ನ ಮೂರನೇ ಕಾಗದವನ್ನೂ ಇಡುತ್ತೇನೆ. ಅದರ ಮೇಲೆ ಹೆಚ್ಚೇನೂ ಬೀಳುವುದಿಲ್ಲ. ಮೊನ್ನೆಯದರಲ್ಲಿ ಉಳಿದದ್ದು ಸರಪಳಿ ಕೆಸರಿನಲ್ಲಿ ಎಳೆದ ಗೆರೆಯೊಂದೇ. ಒಣಗಿದ ಮೇಲೆ ಅದರ ಪಕ್ಕದಲ್ಲಿ ಅಗಲ ಕುಂಚದಿಂದ ನೀರನ್ನಷ್ಟೇ ಎಳೆದು, ತುದಿಗೆ ಚೂರು ನೀಲಿ ಮುಟ್ಟಿಸಿ, ಅದು ಗೆರೆಯವರೆಗೆ ಹರಿದು ಹೋಗುವುದನ್ನು ನೋಡುತ್ತ ಕೂತೆ.